ಅಗಲಿದ ಗಗನಯಾತ್ರಿಗಳೂ ಅದಮಾರಿನ ರಾವ್ ಅವರೂ

ಅಗಲಿದ ಗಗನಯಾತ್ರಿಗಳ ಪಟ್ಟಿಯಲ್ಲಿ ಕನ್ನಡಿಗರ ಹೆಸರು ಒಂದೂ ಇಲ್ಲ. ಆದರೆ ಆ ಪಟ್ಟಿಯಲ್ಲಿರುವ ಹಲವರ ಬದುಕಿಗೂ ಬೆಂಗಳೂರು, ಹಾಸನ, ಮೈಸೂರುಗಳಲ್ಲಿ ನಡೆದ ಕೆಲಸಕ್ಕೂ ನಂಟಿದೆ. ಆ ಕೆಲಸದ ದೊಡ್ಡ ಪಾಲನ್ನು ಕಟ್ಟಿ ನಿಲ್ಲಿಸಿದವರು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಉಡುಪಿ ರಾಮಚಂದ್ರ ರಾವ್. ಬಾಹ್ಯಾಕಾಶಕ್ಕೆ ಹೋದವರನ್ನೂ ಅವರ ಯಾನಕ್ಕೆ ಕಾರಣವಾದ ಯಂತ್ರಗಳನ್ನು ಕಟ್ಟಿದವರನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದುವುದು ರೂಢಿ. ಕರ್ನಾಟಕದ ಮಟ್ಟಿಗೆ ಈ ಎರಡು ಕಥೆಗಳನ್ನು ಒಟ್ಟಿಗೆ ಓದದಿದ್ದರೆ ಎರಡೂ ಅರ್ಧ ಮಾತ್ರ ತಿಳಿಯುತ್ತವೆ.

ಈವರೆಗೆ ಬಾಹ್ಯಾಕಾಶಕ್ಕೆ ಹೋಗಿಬಂದವರು ಆರುನೂರಕ್ಕಿಂತ ಹೆಚ್ಚು. ಯಾನದ ವೇಳೆಯಲ್ಲೇ ನೌಕೆಯೊಂದಿಗೆ ಪ್ರಾಣ ಕಳೆದುಕೊಂಡವರು 18 ಮಂದಿ. 1967ರ ಏಪ್ರಿಲ್‌ನಲ್ಲಿ ಸೋಯುಜ್-1 ಮರಳುವಾಗ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ವ್ಲಾದಿಮಿರ್ ಕೊಮರೋವ್ ತೀರಿಕೊಂಡರು. 1971ರ ಜೂನ್ 30ರಂದು ಸೋಯುಜ್-11ರ ಮೂವರು, ಇಳಿಯುವ ಮೊದಲೇ ಕವಾಟವೊಂದು ತೆರೆದು ಗಾಳಿ ಸೋರಿಹೋದದ್ದರಿಂದ ಕುಳಿತಲ್ಲೇ ಅಸುನೀಗಿದರು. ಭೂಮಿಯ ವಾತಾವರಣದ ಆಚೆ ಸತ್ತವರು ಇಂದಿಗೂ ಆ ಮೂವರು ಮಾತ್ರ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯ ಏಳು ಮಂದಿ, 2003ರ ಫೆಬ್ರುವರಿ 1ರಂದು ಕೊಲಂಬಿಯಾದ ಏಳು ಮಂದಿ ಮಡಿದರು. ಇವರಲ್ಲದೆ ನೆಲದ ಮೇಲಿನ ತಾಲೀಮಿನಲ್ಲಿ ಸತ್ತವರಿದ್ದಾರೆ. 1967ರ ಜನವರಿಯಲ್ಲಿ ಅಪೊಲೊ-1ರ ಕೋಣೆಗೆ ಬೆಂಕಿ ಬಿದ್ದು ಗ್ರಿಸಂ, ವೈಟ್, ಚಾಫಿ ಪ್ರಾಣ ಕಳೆದುಕೊಂಡರು. ಬಾಹ್ಯಾಕಾಶಕ್ಕೆ ಮೊದಲು ಹೋದ ಯೂರಿ ಗಗಾರಿನ್ 1968ರಲ್ಲಿ ಸತ್ತದ್ದು ಮಿಗ್-15 ವಿಮಾನದ ಅಪಘಾತದಲ್ಲಿ.

ಉಳಿದವರ ಸಾವು ಎಲ್ಲರ ಸಾವಿನಂತೆಯೇ ಬಂದಿದೆ. ಚಂದ್ರನ ಮೇಲೆ ನಡೆದ 12 ಮಂದಿಯಲ್ಲಿ ಎಂಟು ಮಂದಿ ಈಗಿಲ್ಲ. ಅವರಲ್ಲಿ ಪೀಟ್ ಕಾನ್ರಾಡ್ ಮೋಟಾರ್ ಸೈಕಲ್ ಅಪಘಾತದಲ್ಲಿ, ಜೇಮ್ಸ್ ಇರ್ವಿನ್ ಹೃದಯಾಘಾತದಿಂದ ತೀರಿಕೊಂಡರು. ನೀಲ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ 82ನೆಯ ವಯಸ್ಸಿನಲ್ಲಿ ಹೋದರು. ಅಪಘಾತದಲ್ಲಿ ಮಡಿದವರ ಹೆಸರು ಶಾಲೆ, ರಸ್ತೆ, ಕ್ಷುದ್ರಗ್ರಹಗಳಿಗೆ ಬಂದು ಸೇರುತ್ತದೆ. ಹಾಸಿಗೆಯಲ್ಲಿ ಸತ್ತವರ ಬಗ್ಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ಅಷ್ಟೆ. ಕರ್ನಾಟಕಕ್ಕೆ ಹೆಚ್ಚು ಹತ್ತಿರದವರು ಈ ಎರಡನೆಯ ಗುಂಪಿನಲ್ಲೇ ಇದ್ದಾರೆ.

1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ರಾಕೇಶ್ ಶರ್ಮಾ ಹೊರಟಾಗ ಜತೆಗಿದ್ದವರು ಯೂರಿ ಮಲಿಶೆವ್ ಮತ್ತು ಗೆನ್ನಾದಿ ಸ್ತ್ರೆಕಲೋವ್. ಭಾರತದ ಮಕ್ಕಳು ಶರ್ಮಾ ಹೆಸರನ್ನು ಬಾಯಿಪಾಠ ಮಾಡಿದರು. ಇನ್ನಿಬ್ಬರ ಹೆಸರು ಪ್ರಶ್ನೋತ್ತರದ ಪುಸ್ತಕಗಳಿಗೂ ದಾಟಲಿಲ್ಲ. ಆ ಯಾನಕ್ಕೆ ಭಾರತೀಯ ವಾಯುಪಡೆಯ ಪೈಲಟ್‌ಗಳನ್ನು ಪರೀಕ್ಷೆಗೆ ಒಡ್ಡಿದ್ದು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ಶರ್ಮಾ ಜತೆ ಹೋದ ಭಾರತೀಯ ತಿನಿಸು ತಯಾರಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ.

ತಂಡದ ನಾಯಕ ಮಲಿಶೆವ್ ಅದಕ್ಕೆ ಮೊದಲು 1980ರಲ್ಲಿ ಸೋಯುಜ್ ಟಿ-2ರಲ್ಲಿ ಹಾರಿ, ಹೊಸ ಮಾದರಿಯ ಆ ನೌಕೆಯನ್ನು ಮನುಷ್ಯರೊಂದಿಗೆ ಮೊದಲ ಬಾರಿ ಪರೀಕ್ಷಿಸಿದ್ದರು. ಎಂಜಿನಿಯರ್ ಸ್ತ್ರೆಕಲೋವ್ ಅವರ ಕಥೆ ಇನ್ನೂ ರೋಮಾಂಚಕ. 1983ರ ಏಪ್ರಿಲ್‌ನಲ್ಲಿ ಅವರಿದ್ದ ನೌಕೆ ಸಲ್ಯೂತ್-7 ನಿಲ್ದಾಣವನ್ನು ಕೂಡಿಕೊಳ್ಳಲಾಗದೆ ಹಿಂದಿರುಗಿತು. ಅದೇ ವರ್ಷದ ಸೆಪ್ಟೆಂಬರ್ 26ರ ರಾತ್ರಿ ಅವರೂ ವ್ಲಾದಿಮಿರ್ ತಿತೋವ್ ಅವರೂ ಉಡಾವಣಾ ಕಟ್ಟೆಯ ಮೇಲೆ ಕುಳಿತಿರುವಾಗ ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿತು. ತುರ್ತು ಪಾರುಗಾಣಿಕೆಯ ವ್ಯವಸ್ಥೆ ಇಬ್ಬರನ್ನೂ ಕೋಣೆಯ ಸಮೇತ ಮೇಲಕ್ಕೆಸೆಯಿತು. ಅವರು ಕೆಲವು ಕಿಲೋಮೀಟರ್ ದೂರದಲ್ಲಿ ಇಳಿದಾಗ ರಾಕೆಟ್ ಸ್ಫೋಟಗೊಂಡು ಹೋಗಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನುಷ್ಯ ಶರ್ಮಾ ಪಕ್ಕದ ಆಸನದಲ್ಲಿ ಕುಳಿತು ಮತ್ತೆ ಹೊರಟರು. ಆ ಯಾನಕ್ಕಾಗಿ ಭಾರತ ಸರ್ಕಾರ ಮೂವರಿಗೂ ಅಶೋಕ ಚಕ್ರ ಕೊಟ್ಟಿತು. ಮಲಿಶೆವ್ 1999ರಲ್ಲಿ, ಸ್ತ್ರೆಕಲೋವ್ 2004ರಲ್ಲಿ ತೀರಿಕೊಂಡರು. ರವೀಶ್ ಮಲ್ಹೋತ್ರಾ ಅವರಿದ್ದ ಮೀಸಲು ತಂಡದ ಇಬ್ಬರು ರಷ್ಯನ್ನರೂ ಈಗಿಲ್ಲ: ಅನಾತೊಲಿ ಬೆರೆಜೊವೊಯ್ 2014ರಲ್ಲಿ, ಗೆಯೊರ್ಗಿ ಗ್ರೆಚ್ಕೊ 2017ರಲ್ಲಿ ನಿಧನರಾದರು.

ಹಾಸನದ ನಂಟು ಅಮೆರಿಕದ ಗಗನಯಾತ್ರಿಗಳ ಜತೆ. 1982ರಲ್ಲಿ ಕಕ್ಷೆಗೇರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈತಪ್ಪಿತು. ಅದರ ಮುಂದಿನ ಉಪಗ್ರಹ ಇನ್ಸಾಟ್-1ಬಿಯನ್ನು 1983ರ ಆಗಸ್ಟ್ ಕೊನೆಯಲ್ಲಿ ಒಯ್ದದ್ದು ಚಾಲೆಂಜರ್ ನೌಕೆ. ರಾತ್ರಿಯ ಹೊತ್ತು ಉಡಾವಣೆಯಾದ ಮೊದಲ ಷಟಲ್ ಯಾನವದು. ಉಪಗ್ರಹವನ್ನು ಸರಿಯಾದ ಜಾಗದಲ್ಲಿ ಬಿಡುವ ಲೆಕ್ಕಾಚಾರವೇ ಆ ಹೊತ್ತನ್ನು ಗೊತ್ತುಮಾಡಿತ್ತು. ನೌಕೆಯ ನಾಯಕ ರಿಚರ್ಡ್ ಟ್ರೂಲಿ. ಐವರ ತಂಡದಲ್ಲಿ ಡೇಲ್ ಗಾರ್ಡ್ನರ್, ವೈದ್ಯ ವಿಲಿಯಂ ಥಾರ್ನ್‌ಟನ್ ಇದ್ದರು. 54 ವರ್ಷದ ಥಾರ್ನ್‌ಟನ್ ಅಲ್ಲಿಯವರೆಗೆ ಬಾಹ್ಯಾಕಾಶಕ್ಕೆ ಹೋದವರಲ್ಲಿ ಹಿರಿಯರು. ಉಪಗ್ರಹ ಕೈಬಿಟ್ಟ ಮೇಲೆ ಅದರ ಸೌರಫಲಕ ಒಡನೆ ಬಿಚ್ಚಿಕೊಳ್ಳದೆ ಎಲ್ಲರ ಎದೆ ಹಾರಿಸಿತು. ಕೊನೆಗೂ ಅದು ಬಿಚ್ಚಿಕೊಂಡಿತು, ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ಅದನ್ನು ವರ್ಷಗಟ್ಟಲೆ ನಡೆಸಿತು. ಹಳ್ಳಿಗಳಲ್ಲಿ ಮನೆಯ ಮಾಡಿನ ಮೇಲೆ ಟಿ.ವಿ. ಆಂಟೆನಾಗಳು ಏಳುವುದಕ್ಕೆ, ದೂರದ ಊರುಗಳಿಗೆ ಫೋನ್ ಸಿಗುವುದಕ್ಕೆ ಆ ಉಪಗ್ರಹ ಕಾರಣವಾಯಿತು. ಮುಂದೆ ಗಾರ್ಡ್ನರ್ 1984ರಲ್ಲಿ ದಾರಿ ತಪ್ಪಿದ ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲೇ ಹಿಡಿದು ಭೂಮಿಗೆ ತಂದ ತಂಡದಲ್ಲಿದ್ದರು. ಟ್ರೂಲಿ ನಾಸಾದ ಮುಖ್ಯಸ್ಥರಾದರು. ಗಾರ್ಡ್ನರ್ 2014ರಲ್ಲಿ, ಥಾರ್ನ್‌ಟನ್ 2021ರಲ್ಲಿ, ಟ್ರೂಲಿ 2024ರಲ್ಲಿ ನಿಧನರಾದರು.

ಇದೇ ಸರಣಿಯ ಇನ್ಸಾಟ್-1ಸಿ ಜತೆ ಭಾರತೀಯನೊಬ್ಬನನ್ನು ಷಟಲ್‌ನಲ್ಲಿ ಕಳುಹಿಸಬೇಕೆಂದು 1985ರ ಹೊತ್ತಿಗೆ ತೀರ್ಮಾನವಾಗಿತ್ತು. ಇಸ್ರೋ ಆರಿಸಿದ ಇಬ್ಬರು ಎಂಜಿನಿಯರ್‌ಗಳು ನಾಗಪತಿ ಚಿದಂಬರ ಭಟ್ ಮತ್ತು ಪಿ. ರಾಧಾಕೃಷ್ಣನ್. 1986ರಲ್ಲಿ ಒಬ್ಬರು ಹೋಗಬೇಕಿತ್ತು. ಅಷ್ಟರಲ್ಲಿ ಚಾಲೆಂಜರ್ ಉಡಾವಣೆಯಾದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಬಲಬದಿಯ ಬೂಸ್ಟರಿನ ಜೋಡಣೆಯಲ್ಲಿದ್ದ ರಬ್ಬರಿನ ಉಂಗುರ ಆ ಮುಂಜಾನೆಯ ಚಳಿಗೆ ಸೆಟೆದು ಬಿಸಿ ಅನಿಲವನ್ನು ತಡೆಯಲಿಲ್ಲ. ಷಟಲ್ ಯಾನಗಳು ಎರಡೂವರೆ ವರ್ಷ ನಿಂತವು, ಭಾರತೀಯ ಎಂಜಿನಿಯರ್‌ಗಳ ಯಾನ ರದ್ದಾಯಿತು. ಇನ್ಸಾಟ್-1ಸಿ 1988ರ ಜುಲೈನಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಹತ್ತಿ ಹೋಯಿತು, ವಿದ್ಯುತ್ ದೋಷದಿಂದ ಬಹುಬೇಗ ಅರ್ಧ ಶಕ್ತಿ ಕಳೆದುಕೊಂಡಿತು. ಚಾಲೆಂಜರ್ ದುರಂತದಲ್ಲಿ ಸತ್ತ ಏಳು ಮಂದಿಗೂ ಇಸ್ರೋದ ನಿಂತುಹೋದ ಯೋಜನೆಗೂ ಇರುವ ಈ ನಂಟನ್ನು ಕನ್ನಡದ ವಿಜ್ಞಾನ ಬರಹ ಇನ್ನೂ ಎತ್ತಿ ಹೇಳಬೇಕಿದೆ. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಯು. ಆರ್. ರಾವ್.

ಕಲ್ಪನಾ ಚಾವ್ಲಾ ಅವರ ಕಥೆ ಎಲ್ಲರಿಗೂ ಗೊತ್ತಿರುವಂಥದು. ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಹರಿಯಾಣದ ಕರ್ನಾಲದಲ್ಲಿ ಹುಟ್ಟಿ, ಚಂಡೀಗಢದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, 1984ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಸ್ನಾತಕೋತ್ತರ ಪದವಿ, 1988ರಲ್ಲಿ ಕೊಲರಾಡೊದಲ್ಲಿ ಡಾಕ್ಟರೇಟ್ ಪಡೆದರು. 1997ರ ನವೆಂಬರ್‌ನಲ್ಲಿ ಮೊದಲ ಯಾನ. 2003ರ ಎರಡನೆಯ ಯಾನದಲ್ಲಿ ಏರುವಾಗಲೇ ಇಂಧನ ತೊಟ್ಟಿಯಿಂದ ಕಿತ್ತ ಫೋಮ್ ತುಣುಕು ಎಡರೆಕ್ಕೆಗೆ ಬಡಿದಿತ್ತು. ಹದಿನಾರು ದಿನ ಕೆಲಸವೆಲ್ಲ ಸುಗಮವಾಗಿ ನಡೆಯಿತು. ಮರಳುವಾಗ ಆ ತೂತಿನ ಮೂಲಕ ನುಗ್ಗಿದ ಬಿಸಿ ಅನಿಲ ರೆಕ್ಕೆಯನ್ನು ಕರಗಿಸಿತು. ಇಳಿಯಲು ಇನ್ನು ಹದಿನಾರು ನಿಮಿಷ ಇರುವಾಗ ನೌಕೆ ಟೆಕ್ಸಸ್ ಮೇಲೆ ಚೂರಾಯಿತು.

ಅದಕ್ಕೆ ಐದು ತಿಂಗಳ ಹಿಂದೆ, 2002ರ ಸೆಪ್ಟೆಂಬರ್ 12ರಂದು, ಹವಾಮಾನಕ್ಕೆಂದೇ ಬೆಂಗಳೂರಿನಲ್ಲಿ ಕಟ್ಟಿದ ಮೆಟ್‌ಸ್ಯಾಟ್ ಎಂಬ ಉಪಗ್ರಹ ಕಕ್ಷೆ ಸೇರಿತ್ತು. ದುರಂತ ನಡೆದ ವಾರದೊಳಗೆ, ಫೆಬ್ರುವರಿ 5ರಂದು, ಪ್ರಧಾನಿ ವಾಜಪೇಯಿ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಹಾಸನದಿಂದಲೇ ನಿಯಂತ್ರಣಗೊಂಡ ಆ ಉಪಗ್ರಹ ಅರಬ್ಬೀ ಸಮುದ್ರದ ಮೋಡಗಳ ಚಿತ್ರ ಕಳಿಸುತ್ತ ಹಲವು ಮಳೆಗಾಲಗಳನ್ನು ಕಂಡಿತು. ಮಲ್ಪೆಯಿಂದ ಕಡಲಿಗಿಳಿಯುವವರಿಗೆ ಟಿ.ವಿ.ಯ ಹವಾಮಾನ ವರದಿಯಲ್ಲಿ ಕಾಣುತ್ತಿದ್ದ ಬಿಳಿ ಸುರುಳಿಗಳ ಹಿಂದೆ ಆ ಹೆಸರಿತ್ತು. ಕರ್ನಾಟಕ ಸರ್ಕಾರ ಯುವ ವಿಜ್ಞಾನಿ ಮಹಿಳೆಯರಿಗಾಗಿ ಕಲ್ಪನಾ ಚಾವ್ಲಾ ಪ್ರಶಸ್ತಿಯನ್ನೂ ಸ್ಥಾಪಿಸಿತು. ಸತ್ತ ಗಗನಯಾತ್ರಿಗೆ ಕಲ್ಲಿನ ಸ್ಮಾರಕಕ್ಕಿಂತ ಕೆಲಸ ಮಾಡುವ ಯಂತ್ರದ ಮೂಲಕ ಗೌರವ ಸಲ್ಲಿಸಿದ್ದು ಒಳ್ಳೆಯ ತೀರ್ಮಾನವೇ.

ಕಲ್ಪನಾ ಓದಿದ ಆರ್ಲಿಂಗ್ಟನ್‌ಗೆ ನೆರೆಯಲ್ಲೇ ಇರುವ ಡಾಲಸ್‌ನಲ್ಲಿ, ಅದಕ್ಕೆ ಎರಡು ದಶಕ ಹಿಂದೆ, ಅದಮಾರಿನ ರಾವ್ ಅಧ್ಯಾಪಕರಾಗಿದ್ದರು.

ಮಟ್ಟುಗುಳ್ಳಕ್ಕೂ ಶಂಕರಪುರದ ಮಲ್ಲಿಗೆಗೂ ಹತ್ತಿರದ ಕಟಪಾಡಿಯಿಂದ ಹೆದ್ದಾರಿಯಲ್ಲಿ ತೆಂಕಕ್ಕೆ ಹೊರಟರೆ ಕಾಪು, ಉಚ್ಚಿಲ ದಾಟಿ ಎರ್ಮಾಳು ಸಿಗುತ್ತದೆ. ಅಲ್ಲಿಂದ ಮೂಡುದಿಕ್ಕಿನ ಒಳದಾರಿಯಲ್ಲಿ ಅದಮಾರು. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಊರು. ಇಂದು ಕಾಪು ತಾಲೂಕಿಗೆ ಸೇರಿರುವ ಈ ಹಳ್ಳಿ ರಾವ್ ಹುಟ್ಟಿದ 1932ರ ಮಾರ್ಚ್ 10ರಂದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ತಂದೆ ಲಕ್ಷ್ಮೀನಾರಾಯಣ ಆಚಾರ್ಯ, ತಾಯಿ ಕೃಷ್ಣವೇಣಿ ಅಮ್ಮ. ಮೊದಲ ಅಕ್ಷರಾಭ್ಯಾಸ ಊರಲ್ಲೇ; ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಆಮೇಲೆ ಓದಿಗಾಗಿ ಘಟ್ಟ ಹತ್ತಿದ ಹುಡುಗ ಬಳ್ಳಾರಿಯ ವೀರಶೈವ ಕಾಲೇಜು, ಅನಂತಪುರದ ಸರ್ಕಾರಿ ಕಾಲೇಜು, ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಎಂದು ಬಡಗಣ ದಿಕ್ಕಿಗೆ ಹೋಗುತ್ತಲೇ ಇದ್ದ. ಕರಾವಳಿಯ ಆ ತಲೆಮಾರಿನ ಬಹುಮಂದಿ ಹೊಟ್ಟೆಪಾಡಿಗೆ ಮುಂಬಯಿಯ ಹಡಗು ಹತ್ತುತ್ತಿದ್ದ ಕಾಲದಲ್ಲಿ ರಾವ್ ಭೌತವಿಜ್ಞಾನ ಹಿಡಿದು ಅಹಮದಾಬಾದ್ ಸೇರಿದರು. ಅಲ್ಲಿನ ಭೌತ ಸಂಶೋಧನಾಲಯದಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ವಿಕ್ರಂ ಸಾರಾಭಾಯಿ.

ಸಾರಾಭಾಯಿ ಅವರಡಿ ರಾವ್ ಕೈಗೆತ್ತಿಕೊಂಡದ್ದು ಕಾಸ್ಮಿಕ್ ಕಿರಣಗಳ ಅಧ್ಯಯನ. ಬಾಹ್ಯಾಕಾಶದಿಂದ ಸದಾ ಭೂಮಿಗೆ ಬಂದು ಬಡಿಯುವ ಈ ಕಣಗಳ ಪ್ರಮಾಣ ದಿನದ ಹೊತ್ತಿಗೆ ತಕ್ಕಂತೆ ಸ್ವಲ್ಪ ಏರಿಳಿಯುತ್ತದೆ. ಆ ಏರಿಳಿತಕ್ಕೆ ಸೂರ್ಯ ಹೇಗೆ ಕಾರಣ ಎಂಬುದು ಪ್ರಶ್ನೆ. 1960ರಲ್ಲಿ ಡಾಕ್ಟರೇಟ್ ಮುಗಿಸಿ ಅಮೆರಿಕದ ಎಂ.ಐ.ಟಿ.ಗೆ ಹೋದಾಗ ಉತ್ತರಕ್ಕೆ ಬೇಕಾದ ಅಂಕಿಗಳು ಮೊದಲ ಬಾರಿಗೆ ಸಿಗುವ ಕಾಲ ಬಂದಿತ್ತು. 1962ರ ಆಗಸ್ಟ್‌ನಲ್ಲಿ ಶುಕ್ರದತ್ತ ಹೊರಟ ಮ್ಯಾರಿನರ್-2 ದಾರಿಯುದ್ದಕ್ಕೂ ಸೂರ್ಯನಿಂದ ಹೊರಹರಿಯುವ ಕಣಗಳ ವೇಗ ಅಳೆಯಿತು. ಕಾನ್ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬಾವರ್ ಜತೆ ರಾವ್ 1963ರಲ್ಲಿ ಪ್ರಕಟಿಸಿದ ಪ್ರಬಂಧ ಆ ಸೌರಮಾರುತದ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಅಲುಗಾಟಕ್ಕೂ ಇರುವ ಸಂಬಂಧವನ್ನು ಅಂಕಿಗಳಿಂದ ತೋರಿಸಿತು. ಸೌರಮಾರುತ ಆಗೊಮ್ಮೆ ಈಗೊಮ್ಮೆ ಬೀಸುವಂಥದಲ್ಲ, ಬಿಡುವಿಲ್ಲದೆ ಹರಿಯುವಂಥದು ಎಂಬುದು ಮ್ಯಾರಿನರ್‌ನ ಅಳತೆಗಳಿಂದ ಗಟ್ಟಿಯಾಯಿತು. ಡಾಲಸ್‌ಗೆ ಬಂದ ಮೇಲೆ ಪಯೊನಿಯರ್ ಸರಣಿಯ ನೌಕೆಗಳಲ್ಲಿ ಅವರ ತಂಡದ ಉಪಕರಣಗಳು ಹಾರಿದವು. ಮೊದಲನೆಯದು 1965ರ ಡಿಸೆಂಬರ್‌ನ ಪಯೊನಿಯರ್-6. ಮೂವತ್ಮೂರರ ವಯಸ್ಸಿಗೆ, ಸೂರ್ಯನ ಸುತ್ತ ಸುತ್ತುವ ನೌಕೆಯಲ್ಲಿ ಸ್ವಂತ ಪ್ರಯೋಗ ಇಟ್ಟ ಭಾರತೀಯ ಎನಿಸಿದ್ದರು.

1966ರಲ್ಲಿ ಅದನ್ನೆಲ್ಲ ಬಿಟ್ಟು ಅಹಮದಾಬಾದಿಗೆ ಮರಳಿದರು. ಭಾರತದ ಆಗಿನ ಬಾಹ್ಯಾಕಾಶ ಕಾರ್ಯಕ್ರಮ ಎಂದರೆ ತುಂಬಾದ ಕಡಲತೀರದಿಂದ ಹಾರುವ ಸಣ್ಣ ರಾಕೆಟ್‌ಗಳು. ಉಪಗ್ರಹ ಕಟ್ಟುವ ಯೋಜನೆಗೆ ರೂಪುರೇಷೆ ಸಿದ್ಧಪಡಿಸಲು ಸಾರಾಭಾಯಿ ರಾವ್ ಅವರಿಗೆ ಹೇಳಿದರು. 1971ರ ಡಿಸೆಂಬರ್ 30ರಂದು ಸಾರಾಭಾಯಿ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ಅವರ ನಂತರ ಕೆಲವು ತಿಂಗಳು ಇಸ್ರೋದ ಹೊಣೆ ಹೊತ್ತವರು ಎಂ. ಜಿ. ಕೆ. ಮೆನನ್. ಮಂಗಳೂರಿನಲ್ಲಿ 1928ರಲ್ಲಿ ಹುಟ್ಟಿದ ಮೆನನ್ ಕೂಡ ಕಾಸ್ಮಿಕ್ ಕಿರಣಗಳ ವಿಜ್ಞಾನಿಯೇ. ಭಾರತದ ಉಪಗ್ರಹವನ್ನು ಸೋವಿಯತ್ ರಾಕೆಟ್ ಉಚಿತವಾಗಿ ಒಯ್ಯುವ ಒಪ್ಪಂದ 1972ರ ಮೇ 10ರಂದು ಅವರ ಅವಧಿಯಲ್ಲೇ ಆಯಿತು. ಕರಾವಳಿಯ ಎರಡು ಊರುಗಳಲ್ಲಿ ನಾಲ್ಕು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು ಇಸ್ರೋದ ಅಧ್ಯಕ್ಷರಾದದ್ದು, ಒಂದೇ ವರ್ಷದ ಒಳಗೆ ಇಬ್ಬರೂ ತೀರಿಕೊಂಡದ್ದು ಕಾಕತಾಳೀಯ. ಮೆನನ್ 2016ರ ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ನಿಧನರಾದರು.

ಉಪಗ್ರಹ ಕಟ್ಟಲು ಬೆಂಗಳೂರನ್ನು ಆರಿಸಿಕೊಂಡದ್ದು ವಿಮಾನ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಅಲ್ಲಿದ್ದುದರಿಂದ. ಜಾಗ ಸಿಕ್ಕದ್ದು ಪೀಣ್ಯ ಕೈಗಾರಿಕಾ ಪ್ರದೇಶದ ನಾಲ್ಕು ಶೆಡ್‌ಗಳಲ್ಲಿ, ಸಿಮೆಂಟ್ ಶೀಟಿನ ಮಾಡಿನ ಕೆಳಗೆ. ಸೇರಿದವರಲ್ಲಿ ಹೆಚ್ಚಿನವರು ಕಾಲೇಜು ಬಿಟ್ಟು ಬಂದ ಹುಡುಗರು. ಉಪಗ್ರಹವನ್ನು ಕಣ್ಣಾರೆ ಕಂಡವರೇ ವಿರಳ. ಸೌರಕೋಶ, ಬ್ಯಾಟರಿ, ಟೇಪ್ ರೆಕಾರ್ಡರ್, ಶಾಖ ತಡೆಯುವ ಬಣ್ಣ ರಷ್ಯಾದಿಂದ ಬಂದವು. ಉಳಿದ ವಿನ್ಯಾಸ, ಜೋಡಣೆ, ಪರೀಕ್ಷೆ ಪೀಣ್ಯದಲ್ಲಿ ನಡೆದವು. ಧೂಳಿಲ್ಲದ ಕೋಣೆ ಬೇಕೆಂದರೆ ಶೆಡ್ಡಿನೊಳಗೆ ಅದನ್ನು ಕಟ್ಟಿಕೊಳ್ಳಬೇಕಿತ್ತು. ಜಾಗದ ಅಭಾವ ಎಷ್ಟಿತ್ತೆಂದರೆ ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರಕ್ಕೆ ಶೌಚಾಲಯವೊಂದನ್ನು ಮಾರ್ಪಡಿಸಿದ್ದನ್ನು ರಾವ್ ಮುಂದೆ ಸಂದರ್ಶನದಲ್ಲಿ ನೆನೆದಿದ್ದರು. ಇಪ್ಪತ್ತಾರು ಮುಖಗಳ, 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಖರ್ಚು ಮೂರು ಕೋಟಿ ರೂಪಾಯಿಯ ಆಸುಪಾಸು. ಎಕ್ಸ್-ಕಿರಣ ಖಗೋಳ, ಸೂರ್ಯ, ಮೇಲುವಾತಾವರಣ ಕುರಿತ ಮೂರು ಪ್ರಯೋಗಗಳು ವಿದ್ಯುತ್ ದೋಷದಿಂದ ನಾಲ್ಕೈದು ದಿನಗಳಲ್ಲೇ ನಿಂತವು. ವಿಜ್ಞಾನದ ಲೆಕ್ಕದಲ್ಲಿ ಆರ್ಯಭಟದಿಂದ ಸಿಕ್ಕದ್ದು ಅಲ್ಪ. ಉಪಗ್ರಹವನ್ನು ಕಕ್ಷೆಯಲ್ಲಿ ನಿಲ್ಲಿಸಿ ಮಾತಾಡಿಸುವ ವಿದ್ಯೆ ಮಾತ್ರ ಕೈವಶವಾಯಿತು. ಎರಡು ರೂಪಾಯಿ ನೋಟಿನ ಬೆನ್ನಿಗೆ ಬಂದ ಅದರ ಚಿತ್ರ ಎರಡು ತಲೆಮಾರಿನ ಜೇಬಿನಲ್ಲಿ ಓಡಾಡಿತು. ಉಪಗ್ರಹ 1992ರ ಫೆಬ್ರುವರಿಯಲ್ಲಿ ವಾತಾವರಣಕ್ಕೆ ಮರಳಿ ಉರಿದುಹೋಯಿತು.

ಆಮೇಲಿನದು ಒಂದರ ಮೇಲೊಂದು ಕೆಲಸದ ದಶಕ. 1979ರ ಜೂನ್‌ನಲ್ಲಿ ಭಾಸ್ಕರ-1, 1981ರ ನವೆಂಬರ್‌ನಲ್ಲಿ ಭಾಸ್ಕರ-2 ನೆಲ ಜಲಗಳನ್ನು ಮೇಲಿನಿಂದ ನೋಡುವುದನ್ನು ಕಲಿಸಿದವು. 1981ರ ಜೂನ್ 19ರಂದು ಹೋದ ಆ್ಯಪಲ್ ಸಂಪರ್ಕ ಉಪಗ್ರಹದ ಒಂದು ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ, ಆದರೂ ಎರಡು ವರ್ಷ ದಾಟಿ ದುಡಿಯಿತು. ಎತ್ತಿನ ಗಾಡಿಯ ಮೇಲೆ ಕುಳಿತ ಉಪಗ್ರಹದ ಪ್ರಸಿದ್ಧ ಚಿತ್ರ ಇದರದೇ. ಬಡತನದ ಗುರುತೆಂದು ಆ ಚಿತ್ರವನ್ನು ಈಗಲೂ ಹಂಚುವವರಿದ್ದಾರೆ. ನಿಜಕ್ಕೂ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿರಬಾರದಿತ್ತು, ಮರದ ಗಾಡಿ ಅದಕ್ಕೆ ಸರಿಹೋಯಿತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹೋದ ಐ.ಆರ್.ಎಸ್.-1ಎ ಭಾರತದ ದೂರಸಂವೇದಿ ಉಪಗ್ರಹಗಳ ಸಾಲಿಗೆ ಮೊದಲಾಯಿತು. ಬೆಳೆ, ಕಾಡು, ಅಂತರ್ಜಲದ ನಕ್ಷೆ ತಯಾರಿಸುವ ಇಲಾಖೆಗಳು ಅಂದಿನಿಂದ ಆಕಾಶದ ಕಣ್ಣನ್ನು ನೆಚ್ಚಿಕೊಂಡಿವೆ.

ರಾವ್ 1984ರ ಅಕ್ಟೋಬರ್‌ನಲ್ಲಿ ಇಸ್ರೋದ ಅಧ್ಯಕ್ಷರಾದರು. 1994ರ ಮಾರ್ಚ್‌ವರೆಗೆ ಇದ್ದರು. ಹೊಗಳಿಕೆಯ ಬರಹಗಳು ಬೇಗನೆ ದಾಟಿಹೋಗುವ ಹತ್ತು ವರ್ಷಗಳಿವು, ಏಕೆಂದರೆ ಸೋಲುಗಳೇ ಎದ್ದು ಕಾಣುತ್ತವೆ. ಎ.ಎಸ್.ಎಲ್.ವಿ. ರಾಕೆಟ್ 1987ರ ಮಾರ್ಚ್‌ನಲ್ಲಿ ಸೋತಿತು, 1988ರ ಜುಲೈನಲ್ಲಿ ಮತ್ತೆ ಸೋತಿತು. ಗೇಲಿ, ವ್ಯಂಗ್ಯಚಿತ್ರ ಎಲ್ಲವೂ ಬಂದವು. ತಪ್ಪು ಹುಡುಕಿ ತಿದ್ದಿದ ಮೇಲೆ 1992ರ ಮೇ 20ರಂದು ಅದು ಗೆದ್ದಿತು. ದೇಶದಲ್ಲೇ ಕಟ್ಟಿದ ಇನ್ಸಾಟ್-2ಎ ಅದೇ ವರ್ಷದ ಜುಲೈನಲ್ಲಿ ಹಾರಿತು. ಶೀತಲ ಇಂಧನದ ಎಂಜಿನ್ನಿಗಾಗಿ ರಷ್ಯಾದೊಂದಿಗೆ 1991ರಲ್ಲಿ ಆದ ಒಪ್ಪಂದ ಅಮೆರಿಕದ ದಿಗ್ಬಂಧನದಿಂದ ಮುರಿದುಬಿತ್ತು. ತಂತ್ರಜ್ಞಾನ ಬರಲಿಲ್ಲ, ಎಂಜಿನ್ ಮಾತ್ರ ಬಂದವು. ಪಿ.ಎಸ್.ಎಲ್.ವಿ.ಯ ಮೊದಲ ಹಾರಾಟ 1993ರ ಸೆಪ್ಟೆಂಬರ್ 20ರಂದು ವಿಫಲವಾಯಿತು. ಎರಡನೆಯದು ಗೆದ್ದಾಗ, 1994ರ ಅಕ್ಟೋಬರ್‌ನಲ್ಲಿ, ರಾವ್ ನಿವೃತ್ತರಾಗಿ ಆರು ತಿಂಗಳು ಕಳೆದಿತ್ತು. ಮೊದಲ ಚಂದ್ರಯಾನವನ್ನೂ ಮಂಗಳಯಾನವನ್ನೂ ಹೊತ್ತ ರಾಕೆಟ್ ಅದೇ. ಹೀಗಾಗಿ ಅವರ ಅವಧಿಯ ಫಲವನ್ನು ಮುಂದಿನವರು ಕೊಯ್ದರು ಎಂದರೆ ತಪ್ಪಾಗದು. ರಾವ್ ಅವರ ದೊಡ್ಡಸ್ತಿಕೆ ಆರ್ಯಭಟಕ್ಕಿಂತಲೂ ಈ ಸೋಲುಗಳ ನಡುವೆ ಯೋಜನೆಗಳನ್ನು ಕೈಬಿಡದೆ ಉಳಿಸಿಕೊಂಡದ್ದರಲ್ಲಿದೆ.

ನಿವೃತ್ತಿಯ ನಂತರವೂ ಅವರು ಸುಮ್ಮನಿರಲಿಲ್ಲ. 1997ರಿಂದ 2000ದವರೆಗೆ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಅಧ್ಯಕ್ಷರು. ವಿಯೆನ್ನಾದಲ್ಲಿ 1999ರಲ್ಲಿ ನಡೆದ ಯುನಿಸ್ಪೇಸ್ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ. ಇಸ್ರೋದ ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಯ ಮುಖ್ಯಸ್ಥರಾಗಿ ಮಂಗಳಯಾನದಲ್ಲಿ ಯಾವ ಉಪಕರಣಗಳು ಹೋಗಬೇಕೆಂದು ತೂಗಿ ನೋಡಿದರು. ಸೂರ್ಯನನ್ನು ನೋಡುವ ಆದಿತ್ಯವನ್ನು ಮೊದಲು ಭೂಮಿಯ ಹತ್ತಿರದ ಕಕ್ಷೆಗೆ ಯೋಚಿಸಿದ್ದರು. ಗ್ರಹಣವಿಲ್ಲದೆ ಸೂರ್ಯ ಸದಾ ಕಾಣುವ, ಹದಿನೈದು ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿಗೆ ಅದನ್ನು ಒಯ್ಯಬೇಕೆಂದು ಒತ್ತಾಯಿಸಿದವರು ರಾವ್. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆ ಮ್ಯಾರಿನರ್-2ರ ಅಂಕಿಗಳಲ್ಲಿ ಅವರು ಹುಡುಕಿದ ಅದೇ ಸೌರಮಾರುತವನ್ನು ಅಳೆಯುತ್ತಿದೆ. ಅದನ್ನು ನೋಡಲು ಅವರು ಇರಲಿಲ್ಲ. 1976ರಲ್ಲಿ ಪದ್ಮಭೂಷಣ ಪಡೆದಿದ್ದ ರಾವ್ ಅವರಿಗೆ 2017ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಜುಲೈ 24ರಂದು ಬೆಂಗಳೂರಿನಲ್ಲಿ 85ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಪೀಣ್ಯದ ಶೆಡ್‌ಗಳಿಂದ ಬೆಳೆದ ಉಪಗ್ರಹ ಕೇಂದ್ರಕ್ಕೆ 2018ರ ಏಪ್ರಿಲ್‌ನಲ್ಲಿ ಅವರ ಹೆಸರಿಟ್ಟರು.

ರಾವ್ ಅವರ ಸುತ್ತಲಿನ ತಲೆಮಾರೂ ಬಹುತೇಕ ಖಾಲಿಯಾಗಿದೆ. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿಗೆ ಬರಲು ಕಾರಣರಾದ ಸತೀಶ್ ಧವನ್ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರ ಕುರ್ಚಿ ಬಿಡದೆಯೇ 1972ರಲ್ಲಿ ಇಸ್ರೋದ ಹೊಣೆ ಹೊತ್ತು, ಹನ್ನೆರಡು ವರ್ಷ ಅದನ್ನು ನಡೆಸಿ, 2002ರ ಜನವರಿ 3ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಶಿಷ್ಯ ರೊದ್ದಂ ನರಸಿಂಹ 2020ರ ಡಿಸೆಂಬರ್‌ನಲ್ಲಿ ಹೋದರು. ದ್ರವಗಳ ಸುಳಿಗಳನ್ನು ಅರಿಯುವುದರಲ್ಲಿ ಜಗತ್ತಿಗೇ ಹೆಸರಾದವರು ಅವರು; ಅವರ ತಂದೆ ಆರ್. ಎಲ್. ನರಸಿಂಹಯ್ಯ ಕನ್ನಡದಲ್ಲಿ ಖಗೋಳ ಬರೆದ ಹಿರಿಯರು. ತುಂಬಾದ ಮೊದಲ ದಿನಗಳಿಂದ ಇದ್ದು ಮುಂದೆ ಬೆಂಗಳೂರಿನ ಉಪಗ್ರಹ ಕೇಂದ್ರ ನಡೆಸಿದ ಆರ್. ಅರವಮುದನ್ 2021ರಲ್ಲಿ ನಿಧನರಾದರು. ಮೈಸೂರಿನ ಎಸ್. ಕೆ. ಶಿವಕುಮಾರ್ ಬೇರೆ ತಲೆಮಾರಿನವರು, ಹುಟ್ಟಿದ್ದು 1953ರಲ್ಲಿ. ಚಂದ್ರಯಾನದೊಂದಿಗೆ ಮಾತಾಡಲು ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ನಿಂತದ್ದರಲ್ಲಿ ಅವರ ಕೈ ಇತ್ತು; ರಾವ್ ಕಟ್ಟಿದ ಕೇಂದ್ರಕ್ಕೆ 2012ರಿಂದ ನಿರ್ದೇಶಕರಾಗಿದ್ದರು. 2019ರ ಏಪ್ರಿಲ್ 13ರಂದು, ಬರೆಯಬೇಕಾದದ್ದು ಇನ್ನೂ ಬಹಳವಿರುವಾಗಲೇ, ತೀರಿಕೊಂಡರು.

ಕೆ. ಕಸ್ತೂರಿರಂಗನ್ ಅವರ ವಿಷಯದಲ್ಲಿ ಕರಾವಳಿಯ ನೆನಪು ವಿಚಿತ್ರವಾಗಿದೆ. ಎರ್ನಾಕುಲಂನಲ್ಲಿ ಹುಟ್ಟಿ, ರಾವ್ ಅವರಂತೆಯೇ ಅಹಮದಾಬಾದಿನಲ್ಲಿ ಸಂಶೋಧನೆ ಮಾಡಿ, ಆರ್ಯಭಟದ ತಂಡದಲ್ಲಿ ದುಡಿದು, ಎರಡು ಭಾಸ್ಕರಗಳ ಹಾಗೂ ಐ.ಆರ್.ಎಸ್.-1ಎಯ ಹೊಣೆ ಹೊತ್ತು, 1994ರಿಂದ 2003ರವರೆಗೆ ಇಸ್ರೋದ ಅಧ್ಯಕ್ಷರಾಗಿದ್ದವರು. ಕಾರ್ಕಳ, ಹೆಬ್ರಿ, ಕುಂದಾಪುರದ ಘಟ್ಟದ ತಪ್ಪಲಲ್ಲಿ ಅವರ ಹೆಸರು ಗೊತ್ತಿರುವುದು ಉಪಗ್ರಹದಿಂದಲ್ಲ. ಪಶ್ಚಿಮ ಘಟ್ಟಗಳ ಸೂಕ್ಷ್ಮ ಪ್ರದೇಶ ಗುರುತಿಸಿದ 2013ರ ವರದಿಯಿಂದ. ಗ್ರಾಮಸಭೆಗಳಲ್ಲಿ ಆ ಹೆಸರನ್ನು ಹಿಡಿದು ಎದ್ದ ಪ್ರತಿಭಟನೆಗಳಿಗೆ ಲೆಕ್ಕವಿಲ್ಲ. ಯಾವ ಯಾವ ಗ್ರಾಮ ಸೂಕ್ಷ್ಮ ಪ್ರದೇಶಕ್ಕೆ ಸೇರುತ್ತದೆಂದು ಆ ವರದಿ ಗೊತ್ತುಮಾಡಿದ್ದು ಉಪಗ್ರಹ ಚಿತ್ರಗಳ ಆಧಾರದಲ್ಲಿ. ಆ ಚಿತ್ರ ತೆಗೆಯುವ ಉಪಗ್ರಹಗಳ ಸಾಲನ್ನು ಶುರುಮಾಡಿದವರಲ್ಲಿ ಅವರೂ ಒಬ್ಬರು. ಅವರು 2025ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ನಿಧನರಾದರು.

ಗಗನಯಾತ್ರಿಗಳ ವಿಷಯದಲ್ಲಿ ದಾಖಲೆಗೆ ಕೊರತೆಯಿಲ್ಲ. ಸ್ತ್ರೆಕಲೋವ್ ಎಷ್ಟು ದಿನ ಬಾಹ್ಯಾಕಾಶದಲ್ಲಿದ್ದರು, ಟ್ರೂಲಿ ಯಾವ ವಿಮಾನ ಹಾರಿಸಿದರು ಎಂಬುದೆಲ್ಲ ಒಂದೆಡೆ ಸಿಗುತ್ತದೆ. ಪೀಣ್ಯದ ಶೆಡ್‌ನಲ್ಲಿ ಬೆಸುಗೆ ಹಾಕಿದವರ, ಹಾಸನದಲ್ಲಿ ರಾತ್ರಿಪಾಳಿಯಲ್ಲಿ ಇನ್ಸಾಟ್-1ಬಿಯ ಸೌರಫಲಕಕ್ಕೆ ಕಾದು ಕುಳಿತವರ ಮಾತು ಅಷ್ಟು ಸುಲಭವಾಗಿ ಸಿಗುವುದಿಲ್ಲ. ರಾವ್ ಅವರ ಎರಡು ಮುಖ್ಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ. 1975ರಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಆರ್ಯಭಟದ ಎಂಜಿನಿಯರ್‌ಗಳಿಗೆ ಈಗ ಎಪ್ಪತ್ತೈದು. ಉಡುಪಿ, ಮಣಿಪಾಲದ ಕಾಲೇಜುಗಳಿಗೂ ಖಗೋಳಾಸಕ್ತರ ಕೂಟಗಳಿಗೂ ಇದು ಕೈಗೆಟುಕುವ ಕೆಲಸ: ಅವರನ್ನು ಹುಡುಕಿ, ಅವರ ಮಾತನ್ನು ಕನ್ನಡದಲ್ಲಿ, ಅವರು ಇರುವಾಗಲೇ ದಾಖಲಿಸಿಕೊಳ್ಳಬೇಕು.